ಆರೈಕೆ ಮಾಡುವವರ ಬಳಲಿಕೆ: ಒಂದು ಚಿಕಿತ್ಸೆಯ ಚರಿತ್ರೆ

ರೋಗಿಗಳ ಶುಶ್ರೂಷೆಯಲ್ಲಿ ತೊಡಗಿದವರ ಮನಸ್ಸೂ ದಣಿಯುತ್ತದೆ, ಆ ದಣಿವಿಗೂ ಉಪಚಾರ ಬೇಕು ಎಂಬುದನ್ನು ವೈದ್ಯಲೋಕ ವ್ಯವಸ್ಥಿತವಾಗಿ ಗಮನಿಸತೊಡಗಿದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಇಂದು ಬರ್ನ್‌ಔಟ್ ಎನ್ನಲಾಗುವ ಈ ಸ್ಥಿತಿಗೆ ಆ ಹೆಸರು ಬರುವುದಕ್ಕೆ ಮೊದಲೇ ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯ ಮನೋವಿಶ್ಲೇಷಕರು ಅದರ ಬೇರನ್ನು ಹುಡುಕುತ್ತ ಆಸ್ಪತ್ರೆಯ ವಾರ್ಡುಗಳವರೆಗೆ ಹೋಗಿದ್ದರು.

ಬುಡಾಪೆಸ್ಟ್‌ನಲ್ಲಿ ಹುಟ್ಟಿ ಇಂಗ್ಲೆಂಡಿಗೆ ವಲಸೆ ಬಂದಿದ್ದ ಮೈಕೆಲ್ ಬಾಲಿಂಟ್ 1950ರ ದಶಕದಲ್ಲಿ ಸಾಮಾನ್ಯ ವೈದ್ಯರನ್ನು ಸಣ್ಣ ಗುಂಪುಗಳಲ್ಲಿ ಸೇರಿಸಿ, ತಮ್ಮನ್ನು ಕಾಡಿದ ರೋಗಿಯೊಬ್ಬನ ಕುರಿತು ಮಾತನಾಡಲು ಹೇಳಿದರು. ಅಲ್ಲಿ ಚರ್ಚೆಯಾಗುತ್ತಿದ್ದದ್ದು ಔಷಧಿಯಲ್ಲ. ಆ ರೋಗಿಯ ಎದುರು ವೈದ್ಯನಲ್ಲಿ ಹುಟ್ಟಿದ ಸಿಟ್ಟು, ಬೇಸರ, ಅಸಹಾಯಕತೆ. ಬಾಲಿಂಟ್ ಗುಂಪು ಎಂದು ಹೆಸರಾದ ಈ ಪದ್ಧತಿಯ ಮೂಲ ಉದ್ದೇಶ ವೈದ್ಯರ ತರಬೇತಿಯಾಗಿದ್ದರೂ, ಮುಂದೆ ಅದು ವೃತ್ತಿಯ ಭಾರವನ್ನು ಸಹೋದ್ಯೋಗಿಗಳ ಎದುರು ಇಳಿಸಿಕೊಳ್ಳುವ ವಿಧಾನವಾಗಿಯೂ ಹಲವು ದೇಶಗಳಿಗೆ ಹರಡಿತು.

ಇದಕ್ಕಿಂತ ಆಳಕ್ಕಿಳಿದದ್ದು ಟಾವಿಸ್ಟಾಕ್‌ನವರೇ ಆದ ಇಸಬೆಲ್ ಮೆಂಜಿಸ್ ಅವರು 1950ರ ದಶಕದ ಕೊನೆಗೆ ಲಂಡನ್ನಿನ ದೊಡ್ಡ ಬೋಧನಾ ಆಸ್ಪತ್ರೆಯೊಂದರಲ್ಲಿ ನಡೆಸಿದ ಅಧ್ಯಯನ. ಅಲ್ಲಿ ನರ್ಸಿಂಗ್ ವಿದ್ಯಾರ್ಥಿನಿಯರಲ್ಲಿ ಸುಮಾರು ಮೂರನೆಯ ಒಂದು ಭಾಗದವರು ತರಬೇತಿಯನ್ನು ಅರ್ಧಕ್ಕೆ ಬಿಡುತ್ತಿದ್ದರು. ನೋವು, ಸಾವುಗಳ ಸಾಮೀಪ್ಯ ಹುಟ್ಟಿಸುವ ಆತಂಕವನ್ನು ತಡೆಯಲು ಆಸ್ಪತ್ರೆ ತನಗರಿವಿಲ್ಲದೆಯೇ ಕಟ್ಟಿಕೊಂಡಿದ್ದ ಏರ್ಪಾಡನ್ನು ಮೆಂಜಿಸ್ ವಿವರವಾಗಿ ದಾಖಲಿಸಿದರು: ಒಬ್ಬ ರೋಗಿಯನ್ನು ಒಬ್ಬಳೇ ದಾದಿ ಪೂರ್ತಿಯಾಗಿ ನೋಡಿಕೊಳ್ಳದಂತೆ ಕೆಲಸವನ್ನು ತುಂಡು ತುಂಡಾಗಿ ಹಂಚಲಾಗುತ್ತಿತ್ತು, ರೋಗಿಗೆ ಹೆಸರಿನ ಬದಲು ಹಾಸಿಗೆಯ ಸಂಖ್ಯೆ, ಕಾಯಿಲೆಯ ಅಂಗವೇ ಗುರುತಾಗುತ್ತಿತ್ತು, ವೇಳಾಪಟ್ಟಿ ಎಷ್ಟು ಕಟ್ಟುನಿಟ್ಟಾಗಿತ್ತೆಂದರೆ ಮಲಗಿದ್ದವರನ್ನು ಎಬ್ಬಿಸಿ ನಿದ್ರೆ ಮಾತ್ರೆ ಕೊಡಲಾಗುತ್ತಿತ್ತು. ಈ ಕಟ್ಟುಪಾಡು ಆತಂಕವನ್ನು ನೀಗಲಿಲ್ಲ, ಬದಲಿಗೆ ಆ ಹುಡುಗಿಯರು ಯಾವುದಕ್ಕಾಗಿ ಈ ವೃತ್ತಿಗೆ ಬಂದಿದ್ದರೋ ಆ ತೃಪ್ತಿಯನ್ನೇ ಕಸಿದುಕೊಂಡಿತು ಎಂಬುದು ಅವರ ನಿರ್ಣಯ. ಬಿಟ್ಟುಹೋದವರು ದುರ್ಬಲರೆಂಬ ಆಡಳಿತದ ಸುಲಭ ನಂಬಿಕೆಗೆ ಇದಕ್ಕಿಂತ ಸಮರ್ಥವಾದ ಉತ್ತರ ಆ ಕಾಲದ ಬರಹಗಳಲ್ಲಿ ಸಿಗುವುದು ಅಪರೂಪ.

ಬರ್ನ್‌ಔಟ್ ಎಂಬ ಹೆಸರು ಶಾಸ್ತ್ರೀಯ ಬರಹಕ್ಕೆ ಬಂದದ್ದು 1974ರಲ್ಲಿ, ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಬರೆದ ಲೇಖನದ ಮೂಲಕ. ನಾಜಿಗಳಿಂದ ತಪ್ಪಿಸಿಕೊಂಡು ಬಾಲ್ಯದಲ್ಲೇ ಜರ್ಮನಿಯನ್ನು ತೊರೆದಿದ್ದ ಅವರು ಹಗಲಿಡೀ ಸ್ವಂತ ವೃತ್ತಿ ನಡೆಸಿ, ರಾತ್ರಿ ಬಡವರಿಗೂ ಮಾದಕ ವ್ಯಸನಿಗಳಿಗೂ ಉಚಿತ ಚಿಕಿತ್ಸೆ ನೀಡುವ ಕ್ಲಿನಿಕ್ಕಿನಲ್ಲಿ ದುಡಿಯುತ್ತಿದ್ದರು. ಕುಟುಂಬದೊಡನೆ ಪ್ರವಾಸಕ್ಕೆ ಹೊರಡಬೇಕಾದ ದಿನ ಹಾಸಿಗೆಯಿಂದ ಏಳಲಾಗದಷ್ಟು ಸೋತಾಗ, ತಮ್ಮ ಮಾತನ್ನು ತಾವೇ ಟೇಪಿನಲ್ಲಿ ಮುದ್ರಿಸಿ ಕೇಳಿ ತಮ್ಮ ಸ್ಥಿತಿಯನ್ನು ವಿಶ್ಲೇಷಿಸಿಕೊಂಡರು. ಹೆಚ್ಚು ನಿಷ್ಠೆಯಿಂದ ದುಡಿಯುವವರೇ ಮೊದಲು ಬಳಲುತ್ತಾರೆ ಎಂದ ಅವರು ಸೂಚಿಸಿದ ಪರಿಹಾರಗಳಲ್ಲಿ ಬಹುಪಾಲು ಕೆಲಸದ ವ್ಯವಸ್ಥೆಗೆ ಸಂಬಂಧಿಸಿದವು: ದುಡಿಮೆಯ ಅವಧಿಗೆ ಮಿತಿ, ಒಂದೇ ಬಗೆಯ ಕೆಲಸಕ್ಕೆ ಕಟ್ಟಿಹಾಕದ ಸರದಿ, ಬಳಲಿದವರಿಗೆ ರಜೆ, ಸಂಗಾತಿಗಳ ಬೆಂಬಲ.

ಕ್ಯಾಲಿಫೋರ್ನಿಯಾದ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ 22 ಹೇಳಿಕೆಗಳ ಅಳತೆಗೋಲೊಂದನ್ನು ಪ್ರಕಟಿಸಿದರು. ಭಾವನೆಗಳು ಬತ್ತಿಹೋಗುವುದು, ಎದುರಿನ ಮನುಷ್ಯನನ್ನು ವಸ್ತುವಿನಂತೆ ಕಾಣುವುದು, ತನ್ನ ಕೆಲಸದಿಂದ ಏನೂ ಸಾಧ್ಯವಾಗುತ್ತಿಲ್ಲವೆನ್ನಿಸುವುದು ಎಂಬ ಮೂರು ಆಯಾಮಗಳನ್ನು ಅದು ಅಳೆಯುತ್ತದೆ. ಎರಡನೆಯ ಆಯಾಮವು ಮೆಂಜಿಸ್ ವಾರ್ಡುಗಳಲ್ಲಿ ಕಂಡದ್ದೇ. ಅಲ್ಲಿ ಸಂಸ್ಥೆಯ ಲಕ್ಷಣವಾಗಿದ್ದದ್ದು ಇಲ್ಲಿ ವ್ಯಕ್ತಿಯ ಅಂಕವಾಯಿತು. ಅಳತೆ ಸುಲಭವಾದಂತೆ ಚಿಕಿತ್ಸೆಯೂ ವ್ಯಕ್ತಿಯ ಕಡೆಗೇ ವಾಲಿ, ಧ್ಯಾನ, ಆಪ್ತಸಲಹೆ, ಒತ್ತಡ ನಿರ್ವಹಣೆಯ ಶಿಬಿರಗಳು ಮುನ್ನೆಲೆಗೆ ಬಂದವು. ಇವುಗಳಿಂದ ಹಲವರಿಗೆ ನೆಮ್ಮದಿ ದೊರೆತಿರುವುದು ನಿಜವಾದರೂ, ಪಾಳಿಯ ಪಟ್ಟಿಯನ್ನಾಗಲಿ ಸಿಬ್ಬಂದಿಯ ಕೊರತೆಯನ್ನಾಗಲಿ ಅವು ಮುಟ್ಟುವುದಿಲ್ಲ. ಮಾಸ್ಲಾಕ್ ಅವರೇ ತಮ್ಮ ನಂತರದ ಬರಹಗಳಲ್ಲಿ ಕೆಲಸದ ಹೊರೆ, ನ್ಯಾಯ, ಸ್ವಾತಂತ್ರ್ಯಗಳ ಪ್ರಶ್ನೆಯನ್ನು ಮತ್ತೆ ಮುಂದಿಟ್ಟರು.

2019ರಲ್ಲಿ ಅಂಗೀಕಾರಗೊಂಡ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹನ್ನೊಂದನೆಯ ಆವೃತ್ತಿ ಬರ್ನ್‌ಔಟನ್ನು ಕಾಯಿಲೆಯೆಂದು ಒಪ್ಪಲಿಲ್ಲ. ಕೆಲಸದ ಸ್ಥಳದಲ್ಲಿ ದೀರ್ಘಕಾಲ ಉಳಿದು ಸರಿಯಾಗಿ ನಿರ್ವಹಿಸಲ್ಪಡದ ಒತ್ತಡದಿಂದ ಉಂಟಾಗುವ, ಉದ್ಯೋಗಕ್ಕಷ್ಟೇ ಸಂಬಂಧಿಸಿದ ವಿದ್ಯಮಾನವೆಂದು ಅದನ್ನು ನಿರೂಪಿಸಿತು.