ಜೋಳದ ಬೇರು ಮತ್ತು ಮೈಕೊರೈಜಾ ಶಿಲೀಂಧ್ರ

ಕೊಟ್ಟೂರು ಸೀಮೆಯ ಹೊಲಗಳ ಜೋಳದ ಬೇರಿನೊಳಗೆ ಮೈಕೊರೈಜಾ ಶಿಲೀಂಧ್ರ ನೆಲೆಸುತ್ತದೆ. ಗಿಡದಿಂದ ಸಕ್ಕರೆ ಪಡೆದು, ಮಣ್ಣಿನ ರಂಜಕವನ್ನು ತಂದುಕೊಡುವ ಈ ನಂಟಿಗೆ 40 ಕೋಟಿ ವರ್ಷ ಹಳೆಯ ಪಳೆಯುಳಿಕೆಗಳೇ ಸಾಕ್ಷಿ. ಬಣ್ಣ ಹಾಕಿದ ಬೇರನ್ನು ಸೂಕ್ಷ್ಮದರ್ಶಕದಲ್ಲಿ ಗಮನಿಸಿ: ಜೀವಕೋಶದೊಳಗೆ ಪುಟ್ಟ ಮರದಂತೆ ಕವಲೊಡೆದಿರುವುದೇ ಆ ಶಿಲೀಂಧ್ರ.

ಶಿಲೀಂಧ್ರದ ಎಳೆ ಬೇರನ್ನು ಆಕಸ್ಮಿಕವಾಗಿ ತಾಗುತ್ತದೆ ಎಂದು ವಾದಿಸಬಹುದು. ಆದರೆ ರಂಜಕ ಸಾಲದಾದಾಗ ಬೇರು ಸ್ಟ್ರೈಗೋಲ್ಯಾಕ್ಟೋನ್ ಎಂಬ ರಾಸಾಯನಿಕವನ್ನು ಹೆಚ್ಚು ಸ್ರವಿಸುತ್ತದೆ. ಬೇರೇ ಇಲ್ಲದ ಕಡೆಯೂ ಇದರ ಲವಲೇಶಕ್ಕೆ ಎಳೆಗಳು ದಟ್ಟವಾಗಿ ಕವಲೊಡೆಯುವುದನ್ನು ಜಪಾನಿನ ವಿಜ್ಞಾನಿಗಳು 2005ರಲ್ಲಿ ತೋರಿಸಿದರು. ಅಂದರೆ ಆಹಾರ ಸಿಗುವ ಮುನ್ನವೇ ಸಂಕೇತವೊಂದು ಬೆಳವಣಿಗೆಯ ರೀತಿಯನ್ನು ಬದಲಿಸುತ್ತದೆ. ಇದೇ ಸಂಕೇತ ಹಿಡಿದು ಜೋಳದ ಪರಾವಲಂಬಿ ಕಳೆಯಾದ ಸ್ಟ್ರೈಗಾ ಕೂಡ ಮೊಳೆಯುತ್ತದೆ, ನಿಜ. ಆದರೂ ಗಿಡ ಸ್ರವಿಸುವುದನ್ನು ಬಿಟ್ಟಿಲ್ಲ. ರಂಜಕದ ಗೊಬ್ಬರ ಧಾರಾಳವಾಗಿ ಬಿದ್ದ ಹೊಲದಲ್ಲಿ ಈ ಸ್ರಾವ ತಗ್ಗುತ್ತದೆ.