ಮೂರು ಮತಗಳ ಗೆಲುವು

ಚುನಾವಣೆ ಎಂದೊಡನೆ ನಮ್ಮ ನೆನಪಿಗೆ ಬರುವುದು ಮತದಾನದ ದಿನ. ಆದರೆ ಅಭ್ಯರ್ಥಿಯಾದವನಿಗೆ ಅದಕ್ಕೂ ಮೊದಲೇ ಇನ್ನೊಂದು ಪರೀಕ್ಷೆ ಕಾದಿರುತ್ತದೆ. ಸ್ವಪಕ್ಷದವರೇ ಅವನನ್ನು ತಮ್ಮ ಹುರಿಯಾಳೆಂದು ಒಪ್ಪಬೇಕು. ಈ ಎರಡು ಪರೀಕ್ಷೆಗಳನ್ನೂ ಪರದೇಶದಲ್ಲಿ ಎದುರಿಸಿ ಗೆದ್ದವರು ದಾದಾಭಾಯಿ ನವರೋಜಿ. ಹುಟ್ಟಿದೂರು ಬಿಟ್ಟು ದೆಹಲಿಯಲ್ಲಿ ನೆಲೆಸಿರುವ ನಾವು ಅವರ ಕಥೆಯನ್ನು ಅವಶ್ಯವಾಗಿ ತಿಳಿದಿರಬೇಕು.

1825ರಲ್ಲಿ ಮುಂಬಯಿಯಲ್ಲಿ ಜನಿಸಿದ ದಾದಾಭಾಯಿ, ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದರು. 1855ರಲ್ಲಿ ವ್ಯಾಪಾರಕ್ಕಾಗಿ ಇಂಗ್ಲೆಂಡಿಗೆ ತೆರಳಿದರು. ಭಾರತದ ಸಂಪತ್ತು ವರ್ಷವರ್ಷವೂ ಹೇಗೆ ಹೊರಗೆ ಹರಿದುಹೋಗುತ್ತಿದೆ ಎಂಬುದನ್ನು ಅಂಕಿ ಅಂಶಗಳ ಸಮೇತ ತೋರಿಸಿಕೊಟ್ಟರು. ಆದರೆ ಭಾರತದ ವಿಷಯದಲ್ಲಿ ಕೊನೆಯ ಮಾತು ಬ್ರಿಟಿಷ್ ಪಾರ್ಲಿಮೆಂಟಿನದು. ಅಲ್ಲಿಗೆ ಪ್ರತಿನಿಧಿಯನ್ನು ಆರಿಸಿ ಕಳಿಸುವ ಅಧಿಕಾರ ಭಾರತೀಯರಿಗಿರಲಿಲ್ಲ. ಉಳಿದ ದಾರಿ ಒಂದೇ: ಬ್ರಿಟನ್ನಿನ ಮತದಾರರೇ ಒಬ್ಬ ಭಾರತೀಯನನ್ನು ಆರಿಸಬೇಕು!

1886ರಲ್ಲಿ ಲಂಡನ್ನಿನ ಹೋಬರ್ನ್ ಕ್ಷೇತ್ರದಲ್ಲಿ ಲಿಬರಲ್ ಪಕ್ಷದಿಂದ ನಿಂತು ಸೋತರು. ಆದರೆ ಎದೆಗುಂದಲಿಲ್ಲ. 1888ರಲ್ಲಿ ಸೆಂಟ್ರಲ್ ಫಿನ್ಸ್‌ಬರಿಯ ಲಿಬರಲ್ ಸಂಘ ಅವರನ್ನು ಅಭ್ಯರ್ಥಿಯನ್ನಾಗಿ ಆರಿಸಿತು. ನಿಜವಾದ ತೊಡಕು ಆರಂಭವಾದದ್ದು ಆಗಲೇ. ಸಂಘದ ಒಂದು ಗುಂಪು ಈ ಆಯ್ಕೆಯನ್ನು ಒಪ್ಪದೆ ಬೇರೊಬ್ಬರನ್ನು ಮುಂದೆ ಮಾಡಿತು. ಜಗಳ ವರ್ಷಗಟ್ಟಲೆ ಎಳೆಯಿತು. ಪಕ್ಷದ ಹಿರಿಯರಿಂದಲೂ ಮನಃಪೂರ್ವಕ ಬೆಂಬಲ ದೊರೆಯಲಿಲ್ಲ. ದಾದಾಭಾಯಿ ಮಾತ್ರ ಕ್ಷೇತ್ರ ಬಿಡಲಿಲ್ಲ.

ಅದೇ ವರ್ಷದ ನವೆಂಬರಿನಲ್ಲಿ ಪ್ರಧಾನಿ ಲಾರ್ಡ್ ಸಾಲಿಸ್‌ಬರಿ, ಬ್ರಿಟಿಷ್ ಮತದಾರರು ಕರಿಯನೊಬ್ಬನನ್ನು ಆರಿಸುವ ಕಾಲ ಇನ್ನೂ ಬಂದಿಲ್ಲವೆಂಬ ಅರ್ಥದಲ್ಲಿ ಅವರನ್ನು ಕುರಿತು ಹಗುರವಾಗಿ ಆಡಿದರು. ಪರಿಣಾಮ ವಿಪರೀತವಾಯಿತು. ಪತ್ರಿಕೆಗಳಲ್ಲಿ ಪ್ರತಿಭಟನೆಯೆದ್ದು, ದಾದಾಭಾಯಿಯವರ ಹೆಸರು ದೇಶದ ತುಂಬ ಹರಡಿತು.

1892ರ ಜುಲೈನಲ್ಲಿ ಮತ ಎಣಿಸಿದಾಗ ಅವರಿಗೆ 2,959, ಎದುರಾಳಿಗೆ 2,956. ಕೇವಲ ಮೂರು ಮತಗಳ ಅಂತರ! ಅರವತ್ತಾರರ ವಯಸ್ಸಿನಲ್ಲಿ ಅವರು ಪಾರ್ಲಿಮೆಂಟ್ ಸದಸ್ಯರಾದರು.

ಅವರು ಒಮ್ಮೆಗೇ ಇಬ್ಬರ ಪ್ರತಿನಿಧಿ. ಮತ ಕೊಟ್ಟವರು ಫಿನ್ಸ್‌ಬರಿಯವರು; ನಂಬಿಕೊಂಡು ಕುಳಿತವರು ಭಾರತೀಯರು. ಒಬ್ಬರಿಗಾಗಿ ಇನ್ನೊಬ್ಬರನ್ನು ಅವರು ಕೈಬಿಡಲಿಲ್ಲ. ಐರ್ಲೆಂಡಿನ ಸ್ವಯಮಾಡಳಿತವನ್ನೂ ಬೆಂಬಲಿಸಿದರು, ಭಾರತದ ಅಹವಾಲನ್ನೂ ಸಭೆಯ ಮುಂದಿಟ್ಟರು. ಆಗ ಐ.ಸಿ.ಎಸ್. ಪರೀಕ್ಷೆ ನಡೆಯುತ್ತಿದ್ದುದು ಲಂಡನ್ನಿನಲ್ಲಿ ಮಾತ್ರ. ಭಾರತದಲ್ಲೂ ಏಕಕಾಲಕ್ಕೆ ನಡೆಯಬೇಕೆಂಬ ನಿರ್ಣಯ 1893ರಲ್ಲಿ ಕಾಮನ್ಸ್ ಸಭೆಯಲ್ಲಿ ಅಂಗೀಕಾರವಾಯಿತು. ಸರಕಾರ ಅದನ್ನು ಜಾರಿಗೆ ತರಲಿಲ್ಲ. ಭಾರತದಲ್ಲಿ ಆ ಪರೀಕ್ಷೆ ಮೊದಲಾದದ್ದು 1922ರಲ್ಲಿ, ಅಂದಿನ ಅಲಹಾಬಾದಿನಲ್ಲಿ. ದಾದಾಭಾಯಿ 1917ರಲ್ಲೇ ತೀರಿಕೊಂಡಿದ್ದರು. ಊರಿನ ಹತ್ತಿರದ ಕೇಂದ್ರದಲ್ಲೇ ಪರೀಕ್ಷೆ ಬರೆದು ನೌಕರಿಗೆ ಸೇರಿದ ನಾವು ಈ ಋಣವನ್ನು ಮರೆಯಬಾರದು.

1895ರ ಚುನಾವಣೆಯಲ್ಲಿ ಅವರು ಸೋತರು. ಆದರೂ ಹೊರಗಿನವನೂ ನೆಲೆನಿಂತ ಊರಿನ ಪ್ರತಿನಿಧಿಯಾಗಬಲ್ಲನೆಂಬುದು ಆ ವೇಳೆಗೆ ಸಿದ್ಧವಾಗಿತ್ತು. ದೆಹಲಿಯಲ್ಲಿ ಸರಕಾರಿ ನೌಕರರ ವಸತಿಯಾಗಿದ್ದ ನವರೋಜಿ ನಗರಕ್ಕೆ ಅವರದೇ ಹೆಸರು. ಹಳೆಯ ಕ್ವಾರ್ಟರ್ಸುಗಳು ಈಗಿಲ್ಲ, ಹೆಸರು ಉಳಿದಿದೆ.

ನಮ್ಮಲ್ಲಿ ಕೆಲವರ ಹೆಸರು ಇನ್ನೂ ಊರಿನ ಮತದಾರರ ಪಟ್ಟಿಯಲ್ಲೇ ಇದೆ. ಮತದಾನಕ್ಕೆ ಅಲ್ಲಿಗೆ ಹೋಗುವುದಿಲ್ಲ, ಇಲ್ಲಿ ಹೆಸರಿಲ್ಲ. ನೀರು, ರಸ್ತೆ, ಮಕ್ಕಳ ಶಾಲೆ ಎಲ್ಲವೂ ಇಲ್ಲಿಯವು. ಮತ ಮಾತ್ರ ಎಲ್ಲಿಯದೂ ಅಲ್ಲ! ನಮ್ಮ ನಾಲ್ಕು ಮತಗಳಿಂದ ಏನಾದೀತು ಎನ್ನುವವರು ಫಿನ್ಸ್‌ಬರಿಯ ಲೆಕ್ಕವನ್ನು ನೆನೆಯಲಿ. ಅಲ್ಲಿ ಮೂರೇ ಸಾಕಾದವು.