ತೋಡಿಗೆ ಕಟ್ಟ, ಗೊನೆಗೆ ಮದ್ದು: ಪುತ್ತೂರು ಸೀಮೆಯ ತೋಟಗಳ ಒಂದು ಚರಿತ್ರೆ

ಪಶ್ಚಿಮಘಟ್ಟದ ಬುಡದಿಂದ ಕರಾವಳಿಯ ಕಡೆಗೆ ಇಳಿಯುವ ನೆಲದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಈಚೆಗೆ ಪ್ರತ್ಯೇಕ ತಾಲೂಕಾದ ಕಡಬ ಒಂದಕ್ಕೊಂದು ತಾಗಿಕೊಂಡಿವೆ. ಪುಷ್ಪಗಿರಿಯ ಕಡೆಯಿಂದ ಬರುವ ಕುಮಾರಧಾರೆ ಸುಬ್ರಹ್ಮಣ್ಯವನ್ನು ದಾಟಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಕೊಡಗಿನಲ್ಲಿ ಹುಟ್ಟುವ ಪಯಸ್ವಿನಿ ಸುಳ್ಯವನ್ನು ಹಾದು, ಚಂದ್ರಗಿರಿಯೆಂಬ ಹೆಸರಿನಲ್ಲಿ ಕಾಸರಗೋಡಿನ ಬಳಿ ಕಡಲು ಸೇರುತ್ತದೆ. ಇಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆಯಾದರೂ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದು, ಇಳಿಜಾರಿನ ನೆಲದ ಮೇಲೆ ನಿಲ್ಲದೆ ಓಡಿಹೋಗುತ್ತದೆ. ಬಂದ ನೀರನ್ನು ಪಗ್ಗು ತಿಂಗಳವರೆಗೆ, ಅಂದರೆ ಏಪ್ರಿಲ್‌-ಮೇವರೆಗೆ, ತಡೆದಿಟ್ಟುಕೊಳ್ಳುವ ಪ್ರಯತ್ನವೇ ಈ ಸೀಮೆಯ ಬೇಸಾಯದ ಚರಿತ್ರೆಯನ್ನು ರೂಪಿಸಿದೆ.

ಈ ಪ್ರಯತ್ನದ ಹಳೆಯ ರೂಪ ಕಟ್ಟ. ತೋಡು ಎಂದು ಕರೆಯುವ ಹಳ್ಳಕ್ಕೆ ಅಡ್ಡಲಾಗಿ ಪ್ರತಿವರ್ಷವೂ ಹೊಸದಾಗಿ ಹಾಕುವ, ಮಳೆಗಾಲ ಬಂದೊಡನೆ ತೆರವಾಗುವ ತಾತ್ಕಾಲಿಕ ಒಡ್ಡಿಗೆ ಈ ಹೆಸರು. ಮಳೆ ಹಿಂದೆ ಸರಿದು ತೋಡಿನ ಹರಿವು ತಗ್ಗಿದ ಮೇಲೆ, ಜಾರ್ದೆ ಅಥವಾ ಪೆರಾರ್ದೆ ತಿಂಗಳಲ್ಲಿ, ಅಂದರೆ ನವೆಂಬರ್‌-ಜನವರಿಯ ನಡುವೆ, ಎರಡು ದಡಗಳ ಮನೆಯವರು ಸೇರಿ ಕಲ್ಲುಗಳನ್ನು ಸಾಲಾಗಿ ಪೇರಿಸಿ, ಅಡಿಕೆ ಮರದ ಸಲಾಕೆಗಳನ್ನು ಆಧಾರಕ್ಕೆ ಹುಗಿದು, ನಡುವಿಗೆ ಸೊಪ್ಪು ಮತ್ತು ಅಂಟುಮಣ್ಣನ್ನು ತುಂಬಿ ಕಾಲಿನಿಂದ ತುಳಿದು ಗಟ್ಟಿ ಮಾಡುತ್ತಿದ್ದರು. ಆಳೆತ್ತರಕ್ಕೂ ಕಡಿಮೆಯ ಈ ಒಡ್ಡಿನ ಹಿಂದೆ ತೋಡು ಬಹುದೂರದವರೆಗೆ ತುಂಬಿ ನಿಲ್ಲುತ್ತಿತ್ತು. ಮೇಲಿನ ಕಟ್ಟದಿಂದ ಉಕ್ಕಿದ ನೀರು ಕೆಳಗಿನ ಕಟ್ಟಕ್ಕೆ ಸಿಗುತ್ತಿತ್ತು. ನಿಂತ ನೀರು ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ, ರಂಧ್ರಗಳ ಮೂಲಕ ಇಂಗಿ ಇಕ್ಕೆಲಗಳ ಬಾವಿಗಳ ಮಟ್ಟವನ್ನು ಎತ್ತುತ್ತಿತ್ತು. ಏಣೇಲು ಎಂಬ ಮೊದಲ ಬೆಳೆಯ ಬಳಿಕ ಸುಗ್ಗಿ ಮತ್ತು ಕೊಳಕೆ ಎಂಬ ಎರಡನೆಯ, ಮೂರನೆಯ ಭತ್ತದ ಬೆಳೆಗಳು ಈ ನೀರನ್ನೇ ನಂಬಿದ್ದವು. ತೋಟದ ಕಣಿಗಳಿಗೆ, ಅಂದರೆ ಸಣ್ಣ ಕಾಲುವೆಗಳಿಗೆ, ಬಂದ ನೀರನ್ನು ಅಡಿಕೆ ಹಾಳೆಯಿಂದ ಮರದ ಬುಡಕ್ಕೆ ಎರಚುತ್ತಿದ್ದರು. ಗುಡ್ಡದ ಮೇಲಿನ ಮಡಕಗಳೂ, ಎಂದರೆ ಮಳೆನೀರನ್ನು ಇಂಗಿಸುವ ಸಹಜ ತಗ್ಗುಗಳೂ, ಇದೇ ವ್ಯವಸ್ಥೆಯ ಮೇಲ್ತುದಿಯಾಗಿದ್ದವು.

ಈ ಪದ್ಧತಿಯನ್ನು ಕೇವಲ ಸೌಹಾರ್ದದ ಚಿತ್ರವಾಗಿ ಕಾಣುವುದು ಚರಿತ್ರೆಗೆ ನ್ಯಾಯವಲ್ಲ. ಕಟ್ಟಕ್ಕೆ ಮಣ್ಣು ಹೊತ್ತವರಲ್ಲಿ ಹೆಚ್ಚಿನವರು ಗೇಣಿದಾರರು ಮತ್ತು ಕೂಲಿಯಾಳುಗಳು; ಅವರನ್ನು ಒಂದೆಡೆ ಸೇರಿಸಿದ ಶಕ್ತಿಯಲ್ಲಿ ಧಣಿಯ ಮಾತೂ ಒಂದು ಪಾಲಾಗಿತ್ತು. 1974ರ ಭೂಸುಧಾರಣೆಯ ತಿದ್ದುಪಡಿ ಗೇಣಿದಾರರನ್ನು ಭೂಮಿಯ ಒಡೆಯರನ್ನಾಗಿ ಮಾಡಿದ್ದು ಈ ಜಿಲ್ಲೆ ಕಂಡ ಅತ್ಯಂತ ದೊಡ್ಡ ನ್ಯಾಯ. ಆದರೆ ಹಳೆಯ ಅಧಿಕಾರ ಹೋದ ಜಾಗದಲ್ಲಿ, ತೋಡಿನ ಕೆಲಸವನ್ನು ಸಮಾನರಾಗಿ ಕೂಡಿ ನಡೆಸುವ ಹೊಸ ಏರ್ಪಾಡು ಬಹಳಷ್ಟು ಕಡೆ ಹುಟ್ಟಲೇ ಇಲ್ಲ.

ಇದೇ ತೋಟಗಳಲ್ಲಿ ಇನ್ನೊಂದು ವಿಚಾರ ಮಾತ್ರ ಬೇರೂರಿತು. ಮಳೆಗಾಲದಲ್ಲಿ ಎಳೆಯ ಅಡಿಕೆ ಕೊಳೆತು ಉದುರುವ ಕೊಳೆರೋಗಕ್ಕೆ ಇಲ್ಲಿನವರು ಮಹಾಳಿ ಎನ್ನುತ್ತಾರೆ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್, ನೀರಿನಲ್ಲಿ ಹರಡುವ ಫೈಟೋಫ್ತೊರಾ ಎಂಬ ಶಿಲೀಂಧ್ರಸದೃಶ ಜೀವಿಯನ್ನು ಈ ರೋಗದಲ್ಲಿ ಅಭ್ಯಸಿಸಿ, 1910ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಪರಿಹಾರವಾಗಿ ಬಂದ ಬೋರ್ಡೋ ದ್ರಾವಣ ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ 1880ರ ದಶಕದಲ್ಲಿ ರೂಪುಗೊಂಡಿತ್ತು. ಮಲೆನಾಡಿನಲ್ಲಿ ಮಳೆ ತಾಗದಂತೆ ಗೊನೆಗಳಿಗೆ ಕೊಟ್ಟೆ ಎಂಬ ಹೊದಿಕೆ ಕಟ್ಟುವ ರೂಢಿಯನ್ನು ಅದು ಕ್ರಮೇಣ ಹಿಂದಿಕ್ಕಿತು. ಆಗ ಮದರಾಸು ಪ್ರಾಂತ್ಯದಲ್ಲಿದ್ದ ದಕ್ಷಿಣ ಕನ್ನಡದ ತೋಟಗಳನ್ನೂ ಕಾಲಾಂತರದಲ್ಲಿ ತಲುಪಿತು.

ಈ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತನ್ನು, ಅಂದರೆ ತಾಮ್ರದ ಸಲ್ಫೇಟನ್ನು, 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕರಗಿಸಿ, ನೀಲಿ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕಲಕಬೇಕು. ಆಮೇಲೆ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ನೋಡುತ್ತಾರೆ; ಅಲಗಿನ ಮೇಲೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದೆಂದು ಅರ್ಥ. ಈ ಪಾಕವನ್ನು ಕೃಷಿಕರು ಮನೆಯ ಅಡುಗೆಯಷ್ಟೇ ಸಲೀಸಾಗಿ ಕಲಿತರು. ಮಳೆಗೆ ಮುಂಚೆ ಒಮ್ಮೆ, ನಲವತ್ತು-ನಲವತ್ತೈದು ದಿನಗಳ ಬಳಿಕ ಆಟಿಯ, ಅಂದರೆ ಜುಲೈ-ಆಗಸ್ಟಿನ, ಬಿಡುವಿನಲ್ಲಿ ಇನ್ನೊಮ್ಮೆ ಮದ್ದು ಬಿಡುವುದು ತೋಟದ ಪಂಚಾಂಗದಲ್ಲಿ ಸೇರಿಹೋಯಿತು. ಮದ್ದು ಬಿಟ್ಟ ಮರ ಮತ್ತು ಬಿಡದ ಮರದ ವ್ಯತ್ಯಾಸ ಒಂದೇ ಮಳೆಗಾಲದಲ್ಲಿ ಕಣ್ಣಿಗೆ ಕಾಣುತ್ತಿತ್ತು. ನೆರೆಮನೆಯವರ ಒಪ್ಪಿಗೆ ಅದಕ್ಕೆ ಬೇಕಾಗಿರಲಿಲ್ಲ. ಆದರೆ ತಾಮ್ರ ಮಣ್ಣಿನಲ್ಲಿ ಕೊಳೆತು ಇಲ್ಲವಾಗುವ ವಸ್ತುವಲ್ಲ. ವರ್ಷವರ್ಷವೂ ತೊಳೆದು ಇಳಿದದ್ದು ಮೇಲ್ಮಣ್ಣಿನಲ್ಲೇ ಸಂಗ್ರಹವಾಗುತ್ತದೆಂಬುದನ್ನೂ, ಎರೆಹುಳುಗಳಿಗೆ ಅದು ಕೇಡೆಂಬುದನ್ನೂ ಫ್ರಾನ್ಸಿನ ದ್ರಾಕ್ಷಿತೋಟಗಳ ಮಣ್ಣೇ ತೋರಿಸಿಕೊಟ್ಟಿದೆ.

ಮೂರನೆಯ ತಿರುವು ಕೊಳವೆಬಾವಿಯದು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಯಂತ್ರಗಳು ಗುಡ್ಡದ ತಲೆಯವರೆಗೂ ಏರಿ, ಮುರಕಲ್ಲಿನ ಪದರವನ್ನು ದಾಟಿ ಗಟ್ಟಿಬಂಡೆಯ ಬಿರುಕುಗಳಲ್ಲಿದ್ದ ನೀರನ್ನು ಮೇಲಕ್ಕೆತ್ತಿದವು. ಕೂಲಿ ದುಬಾರಿಯಾದಾಗ ಭತ್ತದ ಗದ್ದೆಗಳು ಅಡಿಕೆ ತೋಟಗಳಾದವು. ತಿಂಗಳುಗಟ್ಟಲೆ ನೀರು ನಿಲ್ಲಿಸಿಕೊಂಡು ಇಂಗಿಸುತ್ತಿದ್ದ ಗದ್ದೆ ಹೋದದ್ದೆಂದರೆ ಸಾವಿರಾರು ಸಣ್ಣ ಕೆರೆಗಳು ಹೋದಂತೆಯೇ. ಕೃಷಿಕ ಸ್ವಿಚ್ಚು ಒತ್ತಿದರೆ ಸಾಕಾಗಿದ್ದುದರಿಂದ ಎದುರು ದಡದವರೊಡನೆ ಮಾತಾಡುವ ಅಗತ್ಯವೇ ಉಳಿಯಲಿಲ್ಲ. ಕಟ್ಟ ಒಂದು ವರ್ಷ ತಪ್ಪಿತು, ಮರುವರ್ಷವೂ ತಪ್ಪಿತು, ಬಳಿಕ ಅದನ್ನು ಹಾಕಬಲ್ಲ ಕೈಗಳೂ ಕಡಿಮೆಯಾದವು.

ಕೂಡಿ ಮಾಡುವ ಗುಣ ಈ ಜನರಲ್ಲಿ ಇರಲಿಲ್ಲವೆನ್ನುವಂತಿಲ್ಲ. 1970ರ ಆಸುಪಾಸಿನಲ್ಲಿ ಅಡಿಕೆ ಧಾರಣೆ ಕುಸಿದಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ 1973ರಲ್ಲಿ ಕ್ಯಾಂಪ್ಕೋ ಸಹಕಾರಿ ಹುಟ್ಟಿ ಎರಡು ರಾಜ್ಯಗಳ ಬೆಳೆಗಾರರನ್ನು ಒಂದುಗೂಡಿಸಿತು. 1986ರಲ್ಲಿ ಪುತ್ತೂರಿನಲ್ಲೇ ಅದರ ಚಾಕೊಲೇಟ್ ಕಾರ್ಖಾನೆ ಆರಂಭವಾಯಿತು. 1988ರಲ್ಲಿ ಇದೇ ಊರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಯಿಂದಲೇ ಬರೆಸಿತು. ಅದರ ಸಂಪಾದಕ ಶ್ರೀಪಡ್ರೆಯವರು ಮಳೆಕೊಯ್ಲು, ಕಟ್ಟ, ಮಡಕ, ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆಯುವ ಸುರಂಗಗಳ ವಿಷಯವನ್ನು ದಶಕಗಳ ಕಾಲ ಬಿಡದೆ ಬರೆದರು. ತಿಳಿವಳಿಕೆಗೆ ಈ ಸೀಮೆಯಲ್ಲಿ ಎಂದೂ ಕೊರತೆಯಾಗಿಲ್ಲ. ಧಾರಣೆ ಬಿದ್ದ ನೋವು ಎಲ್ಲರಿಗೂ ಒಂದೇ ದಿನ ತಟ್ಟಿದ್ದರಿಂದ ಸಂಘಟನೆ ಬೇಗ ಆಯಿತು. ಅಂತರ್ಜಲ ಇಳಿಯುವ ನೋವು ಒಬ್ಬೊಬ್ಬರ ಬಾವಿಯಲ್ಲಿ ಒಂದೊಂದು ವರ್ಷ ಕಾಣಿಸಿಕೊಂಡದ್ದರಿಂದ ಪ್ರತಿಯೊಬ್ಬರೂ ಇನ್ನಷ್ಟು ಆಳಕ್ಕೆ ಕೊರೆಸುವ ದಾರಿಯನ್ನೇ ಹಿಡಿದರು.

ಹವಾಮಾನ ಬದಲಾವಣೆ ಈ ದೌರ್ಬಲ್ಯವನ್ನು ಬಯಲಿಗೆ ತಂದಿತು. ಕಡಲು ಮತ್ತು ಗಾಳಿ ಬಿಸಿಯಾದಂತೆ ಗಾಳಿ ಹಿಡಿದಿಡುವ ತೇವ ಹೆಚ್ಚುತ್ತದೆ. ಮಳೆ ಹದವಾಗಿ ಹರಡಿಕೊಳ್ಳುವ ಬದಲು ಕೆಲವೇ ದಿನಗಳಲ್ಲಿ ಒಟ್ಟಾಗಿ ಸುರಿಯುವ ಸಾಧ್ಯತೆ ಬಲಿಯುತ್ತದೆ. 2018ರ ಆಗಸ್ಟಿನಲ್ಲಿ ಸುಳ್ಯದ ಗಡಿಗೆ ತಾಗಿದ ಜೋಡುಪಾಲದಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು, ಮಡಿಕೇರಿಯ ಹೆದ್ದಾರಿ ಮುಚ್ಚಿತು. ಎಡೆಬಿಡದ ಮಳೆಯಿಂದಾಗಿ ಎರಡನೆಯ ಸಲದ ಮದ್ದಿಗೆ ಬಿಡುವು ಸಿಗದೆ, ಮಹಾಳಿ ಆ ವರ್ಷ ತೋಟಗಳನ್ನು ಬರಿದು ಮಾಡಿತು. ಶತಮಾನದ ಹಿಂದಿನ ಪಂಚಾಂಗಕ್ಕೆ ಹೊಂದಿಸಿದ್ದ ಮದ್ದು, ಪಂಚಾಂಗವೇ ಕದಲಿದಾಗ ಕೆಲಸಕ್ಕೆ ಬರಲಿಲ್ಲ. ಅದಾಗಿ ಒಂಬತ್ತು ತಿಂಗಳಿಗೆ, 2019ರ ಮೇಯಲ್ಲಿ, ನೆರೆಯ ಧರ್ಮಸ್ಥಳದಲ್ಲಿ ನೇತ್ರಾವತಿ ಬತ್ತಿ, ಭಕ್ತರು ಯಾತ್ರೆಯನ್ನು ಮುಂದೂಡಬೇಕೆಂದು ಧರ್ಮಾಧಿಕಾರಿಗಳು ವಿನಂತಿಸಬೇಕಾಯಿತು. ಅತಿವೃಷ್ಟಿ ಮತ್ತು ಬರ ಅಕ್ಕಪಕ್ಕದ ಜಲಾನಯನಗಳಲ್ಲಿ, ಒಂದು ವರ್ಷ ತುಂಬುವ ಮೊದಲೇ ಬಂದದ್ದನ್ನು ಮಳೆಯ ಕೊರತೆಯೆಂದು ಹೇಳಲಾಗದು. ಅದು ಮುಖ್ಯವಾಗಿ ತಡೆದು ನಿಲ್ಲಿಸುವ ವ್ಯವಸ್ಥೆಯ ಕೊರತೆ.

ಈಗ ಸರಕಾರದ ಕಿಂಡಿ ಅಣೆಕಟ್ಟುಗಳು ಹಲವು ತೋಡುಗಳಲ್ಲಿ ನಿಂತಿವೆ. ಕಾಂಕ್ರೀಟಿನ ಕಂಬಗಳ ನಡುವೆ ಹಲಗೆ ಇಳಿಸಿದರೆ ಮಾತ್ರ ಅವು ನೀರು ಹಿಡಿಯುತ್ತವೆ. ಸಕಾಲದಲ್ಲಿ ಹಲಗೆ ಹಾಕಿ, ಮಳೆಗೆ ಮುಂಚೆ ತೆಗೆಯುವವರಿಲ್ಲದ ಕಡೆ ಅವು ಬರಿಯ ಕಾಲುಸಂಕಗಳಾಗಿ ಉಳಿಯುತ್ತವೆ. ಹಳೆಯ ಮಣ್ಣಿನ ಕಟ್ಟಕ್ಕಾಗಲಿ ಹೊಸ ಕಿಂಡಿ ಅಣೆಕಟ್ಟಿಗಾಗಲಿ, ಎರಡು ದಡದವರು ಕೂಡಿ ಕೂರಬೇಕಾದದ್ದು ತೋಡಿನಲ್ಲಿ ಹರಿವು ಇರುವಾಗಲೇ. ಪೆರಾರ್ದೆ ಕಳೆದ ಮೇಲೆ ಹಲವು ತೋಡುಗಳಲ್ಲಿ ತಡೆಯಲು ನೀರೇ ಇರುವುದಿಲ್ಲ.